ಗ್ಯಾಸಿನ ಟೆಂಪೋ ಹತ್ತುವ ದಾರಿ

"ದಾರಿ ಅಂದರೆ ಹೇಗಿರಬೇಕು ಅಂತ ಈ ಊರಿಗೆ ನಾನು ತೋರಿಸಿ ಕೊಡ್ತೇನೆ. ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಅದರ ಮೇಲೆ ನಡೆಯುವಾಗಲೂ ಒಂದು ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಾರದು."

ದಾಮೋದರ ಉಪಾಧ್ಯರು ಈ ಘೋಷಣೆಯನ್ನು ಹೊರಡಿಸಿದ್ದು ಊಟದ ಮಣೆಯ ಮೇಲಿಂದ. ಬಲಗೈ ಸಾರನ್ನ ಕಲಸುತ್ತಿತ್ತು. ಎಡಗೈ ದಂಡಯಾತ್ರೆಗೆ ಹೊರಟ ಸೇನಾಪತಿಯ ಕೈಯಂತೆ ಮೇಲೆದ್ದಿತ್ತು. ಎದುರಿಗೆ ಸೇನೆ ಮಾತ್ರ ಇರಲಿಲ್ಲ. ಇದ್ದವಳು ಹೆಂಡತಿ ಪ್ರಭಾವತಿ ಒಬ್ಬಳು. ಅವಳೂ ಒಲೆಯ ಬುಡದಲ್ಲಿ ಬಗ್ಗಿ, ಒದ್ದೆ ತೆಂಗಿನ ಮಡಲಿಗೆ ಊದುಗೊಳವೆ ಹಿಡಿದು ಕೆಮ್ಮುತ್ತಿದ್ದಳು.

"ಮೊಮ್ಮಕ್ಕಳ ಮೊಮ್ಮಕ್ಕಳು ಬರುವಾಗ ಬರಲಿ," ಎಂದಳು ಎರಡು ಕೆಮ್ಮಿನ ನಡುವೆ. "ನನಗೆ ಈ ಮಳೆಗಾಲದ ಮೊದಲು ಗ್ಯಾಸ್ ಬರ್ತದಾ ಇಲ್ವಾ, ಅದನ್ನು ಹೇಳಿ."

"ಅದಕ್ಕೇ ಅಲ್ವಾ ಈ ದಾರಿ?"

"ದಾರಿ ನಾನು ಕೇಳ್ಲಿಲ್ಲ ಮಾರಾಯ್ರೆ. ನಾನು ಕೇಳಿದ್ದು ಗ್ಯಾಸ್."

ಈ ಮಾತು ಉಪಾಧ್ಯರ ಕಿವಿಯೊಳಗೆ ಇಳಿದಿದ್ದರೆ ಮುಂದಿನದ್ದು ಯಾವುದೂ ನಡೆಯುತ್ತಿರಲಿಲ್ಲ. ಆದರೆ ನಮ್ಮ ಕಡೆ ಒಂದು ಪದ್ಧತಿ ಇದೆ. ಒಲೆ ಊದುವುದು ಹೆಂಗಸರು, ಒಲೆಯ ವಿಷಯದಲ್ಲಿ ತೀರ್ಮಾನ ಕೊಡುವುದು ಗಂಡಸರು. ದೇವಸ್ಥಾನದ ಗೋಡೆಗೆ ಸುಣ್ಣ ಬಳಿಯಬೇಕಾದರೆ ಸಮಿತಿ ಬೇಕು, ಸಭೆ ಬೇಕು, ಉಪಸಮಿತಿಯ ಜಗಳ ಬೇಕು. ಅಡುಗೆಮನೆಯ ವಿಷಯಕ್ಕೆ ಮಾತ್ರ ಯಜಮಾನರ ಏಕಸದಸ್ಯ ಆಯೋಗ ಸಾಕು. ಹೊಗೆ ತಿಂದ ಕಣ್ಣಿಗೆ ಅಲ್ಲಿ ಓಟು ಇಲ್ಲ.

ಉಪಾಧ್ಯರಿಗಂತೂ ತೀರ್ಮಾನ ಕೊಡುವುದೇ ಕಸುಬು. ಮಣಿಪಾಲದ ಒಂದು ಬ್ಯಾಂಕಿನ ಹೆಡ್ ಆಫೀಸಿನಲ್ಲಿ ಇನ್ಸ್‌ಪೆಕ್ಷನ್ ಅಧಿಕಾರಿ. ಊರೂರಿನ ಶಾಖೆಗಳಿಗೆ ಹೋಗಿ ತಪ್ಪು ಹುಡುಕುವುದು ಅವರ ನೌಕರಿ. ಮನೆಗೆ ಬಂದು ಅದನ್ನು ಮುಂದುವರಿಸುವುದು ಅವರ ಹವ್ಯಾಸ. ಉಪ್ಪಿನ ಭರಣಿಯ ಮುಚ್ಚಳ ಯಾಕೆ ಸಡಿಲ? ಅನ್ನಕ್ಕಿಟ್ಟ ನೀರು ಯಾಕೆ ಇಷ್ಟು ಹೊತ್ತು ಕುದಿಯದೆ ಕುಳಿತಿದೆ? ಸೌದೆ ಯಾಕೆ ಅಡ್ಡಾದಿಡ್ಡಿ? ಪ್ರಭಾವತಿ ಮದುವೆಯಾಗಿ ಹೆಬ್ರಿಯಿಂದ ಬಂದಾಗ ಇದನ್ನೆಲ್ಲ ಪ್ರೀತಿ ಎಂದು ತಿಳಿದಿದ್ದಳು. ಆಮೇಲೆ ಆಡಿಟ್ ಎಂದು ತಿಳಿಯಿತು.

ಅವರ ಮನೆ ಇದ್ದದ್ದು ಅಲೆವೂರಿನ ಒಂದು ಗುಡ್ಡೆಯ ನೆತ್ತಿಯಲ್ಲಿ. ಜಾಗ ಆರಿಸಿದವರು ಉಪಾಧ್ಯರೇ. ಅಲ್ಲಿಂದ ಸಮುದ್ರ ಕಾಣುತ್ತದೆ ಎಂಬುದು ಅವರ ವಾದ. ಕಾಣುತ್ತಿತ್ತು, ನಿಜ. ಆದರೆ ತರಕಾರಿ, ಹಾಲು, ಬಸ್ಸು ಮತ್ತು ಡಾಕ್ಟರು ಕಾಣಬೇಕಾದರೆ ಗುಡ್ಡೆ ಇಳಿಯಬೇಕಿತ್ತು. ಗೇಟಿನಿಂದ ಬಾಗಿಲಿನವರೆಗಿನ ಏರು ಎಷ್ಟು ಕಡಿದಾಗಿತ್ತೆಂದರೆ ಬಂದ ನೆಂಟರು ಮೊದಲು ಕುಡಿಯಲು ನೀರು ಕೇಳುತ್ತಿದ್ದರು. ಉಪಾಧ್ಯರ ಆರೋಗ್ಯ ಕೇಳುವಷ್ಟು ಉಸಿರು ಬರಲು ಅರ್ಧ ಗಂಟೆ ಬೇಕಿತ್ತು. ಮಳೆಗಾಲದಲ್ಲಿ ಕೆಂಪು ಮಣ್ಣು ಕರಗಿ ಹರಿಯುವಾಗ ಮೊದಲು ಅಂಗಳ ರಸ್ತೆಗೆ ಇಳಿಯುತ್ತಿತ್ತು, ಅದರ ಹಿಂದೆಯೇ ಉಪಾಧ್ಯರು ಇಳಿಯುತ್ತಿದ್ದರು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗ್ಯಾಸಿಗೆ ಹೆಸರು ಬರೆಸಿದ ದಿನ ಹುಟ್ಟಿದ ಮಗು ಶಾಲೆಗೆ ಸೇರಿ ಮಗ್ಗಿ ಕಲಿತು ಬರುವಷ್ಟು ಕಾಲ ಕಾದರೆ ಸಿಲಿಂಡರು ಸಿಗುತ್ತಿತ್ತು. ಹಾಗೆ ಕಾದು ಕಾದು ಕೊನೆಗೆ ಪ್ರಭಾವತಿಯ ಸರದಿ ಬಂದಾಗ, ಎರಡು ಬರ್ನರಿನ ಸ್ಟವ್ವನ್ನು ಮೊದಲೇ ತಂದು, ದೇವರ ಕೋಣೆಯ ಪಕ್ಕದಲ್ಲಿಟ್ಟು, ಅದಕ್ಕೊಂದು ಬಟ್ಟೆ ಹೊದಿಸಿದ್ದಳು. ಹೊತ್ತು ಹೋಗದಾಗ ಬಟ್ಟೆ ಎತ್ತಿ ನೋಡುತ್ತಿದ್ದಳು.

ಆದರೆ ಊಟದ ಮಣೆಯ ಆ ಘೋಷಣೆಗೆ ಮೊದಲು ಒಂದು ದಿನ, ಗ್ಯಾಸಿನ ಟೆಂಪೋ ಓಡಿಸುವ ಕಾಪುವಿನ ಅಬ್ಬಾಸ್ ಗೇಟಿನ ಹತ್ತಿರ ನಿಂತು, ಕೈಯನ್ನು ಹಣೆಗಿಟ್ಟು ಮೇಲೆ ನೋಡಿದ.

"ಸಾರ್, ಇದು ದಾರಿಯಾ, ಗೋಡೆಯಾ?"

"ದಾರಿ," ಎಂದರು ಉಪಾಧ್ಯರು ಮೇಲಿನಿಂದ.

"ಗಾಡಿ ಹತ್ತುವುದಿಲ್ಲ ಸಾರ್. ಸಿಲಿಂಡರ್ ಇಲ್ಲಿ ಗೇಟಿನ ಹತ್ತಿರ ಇಳಿಸಿ ಹೋಗ್ತೇನೆ. ಮೇಲೆ ಯಾರ ಹತ್ತಿರ ಆದರೂ ಹೊರಿಸಿಕೊಳ್ಳಿ."

"ಆಯ್ತು ಆಯ್ತು," ಎಂದು ಪ್ರಭಾವತಿ ಅಡುಗೆಮನೆಯಿಂದಲೇ ಕೂಗಿದಳು. "ನಾಳೆಯೇ ಇಳಿಸಿ. ಹೊರುವ ಜನಕ್ಕೆ ನಾನು ಹೇಳ್ತೇನೆ."

ಮಾರನೆಯ ದಿನ ಮಧ್ಯಾಹ್ನದೊಳಗೆ ಮುಗಿಯಬೇಕಾದ ಕೆಲಸ ಅದು. ಆದರೆ ಉಪಾಧ್ಯರೊಳಗಿನ ಇನ್ಸ್‌ಪೆಕ್ಷನ್ ಅಧಿಕಾರಿ ಎದ್ದು ನಿಂತ.

"ಮನೆಬಾಗಿಲಿಗೆ ಡೆಲಿವರಿ ಅಂತ ನಿಯಮ ಉಂಟೋ ಇಲ್ವೋ?"

"ಉಂಟು ಸಾರ್. ಆದರೆ ಬಾಗಿಲು ಇಷ್ಟು ಮೇಲೆ ಇರಬಾರದು ಅಂತಲೂ ಒಂದು ನಿಯಮ ಬೇಕಿತ್ತು."

"ಬಾಗಿಲು ಅಂದರೆ ಬಾಗಿಲು. ನನ್ನ ಮನೆಗೆ ಗ್ಯಾಸ್ ತಲೆಹೊರೆಯಲ್ಲಿ ಬರುವುದು ಬೇಡ. ಟೆಂಪೋದಲ್ಲಿ ಬರಬೇಕು. ದಾರಿ ನಾನು ಮಾಡಿಸ್ತೇನೆ. ಆಮೇಲೆ ನೀನು ಬಾ."

ಅಬ್ಬಾಸ್ ಹೋದ. ಟೆಂಪೋದ ಹಿಂದೆ ಸಿಲಿಂಡರುಗಳು ಒಂದಕ್ಕೊಂದು ತಾಗಿ ಟಣ್ ಟಣ್ ಎನ್ನುತ್ತ ಹೋದವು. ಪ್ರಭಾವತಿ ಆ ಸದ್ದು ಅಲೆವೂರು ದಾಟುವವರೆಗೂ ಕೇಳುತ್ತ ನಿಂತಳು. ಆಮೇಲೆ ಒಳಗೆ ಹೋಗಿ ಒಲೆ ಊದಿದಳು.

ಅಂದಿನಿಂದ ಶುರುವಾಯಿತು ಉಪಾಧ್ಯರ ಸಂಶೋಧನೆ. ದಾರಿಗೆ ಏನು ಹಾಸಬೇಕು? ಬಾಳಿಕೆ ಬರಬೇಕು, ಮಳೆಗೆ ಅಂಜಬಾರದು, ಟೆಂಪೋಗೆ ಅಂಜಬಾರದು. ಮೊದಲು ಊರಿನ ಕೆಂಪು ಮುರಕಲ್ಲು ಯೋಚಿಸಿದರು. ಆದರೆ ಮುರಕಲ್ಲಿನ ಮೇಲೆ ಆಷಾಢದಲ್ಲಿ ಪಾಚಿ ಬೆಳೆದು ಹಸುರು ಕಂಬಳಿಯಾಗುತ್ತದೆ. ಡಾಮರು? ಆ ಶಬ್ದ ಕೇಳಿದರೇ ಅವರಿಗೆ ಸಿಟ್ಟು. ಚುನಾವಣೆಗೆ ಬಂದು ಮೊದಲ ಮಳೆಗೆ ಹೋಗುವ ವಸ್ತುವನ್ನು ಮರ್ಯಾದಸ್ಥರು ಮನೆಗೆ ಸೇರಿಸುವುದಿಲ್ಲ ಎಂದರು. ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ರಸ್ತೆಗಳಿಗೆ ಬೀಳುವ ಡಾಮರಿಗಿಂತ ನಮ್ಮ ಕಂಟ್ರಾಕ್ಟರುಗಳ ಮನೆಯ ಅಂಗಳಕ್ಕೆ ಬೀಳುವ ಡಾಮರು ಯಾಕೆ ಹೆಚ್ಚು ಕಪ್ಪು ಎಂಬುದನ್ನು ಯಾವ ಇನ್ಸ್‌ಪೆಕ್ಷನ್ ಅಧಿಕಾರಿಯೂ ಇನ್ನೂ ಪತ್ತೆ ಮಾಡಿಲ್ಲ.

ಆಫೀಸಿನಲ್ಲಿ ಪಕ್ಕದ ಮೇಜಿನ ಗುಣಪಾಲ ಕಾರ್ಕಳದವನು. ಅವನಿಗೆ ಕಲ್ಲಿನಲ್ಲಿ ಹುಟ್ಟು ಅಭಿಮಾನ.

"ನಮ್ಮೂರಿನ ಕಪ್ಪು ಕಲ್ಲು ಹಾಸಿ ಸಾರ್. ನಮ್ಮಲ್ಲಿ ಬಸದಿಯ ಕಲ್ಲಿಗೆ ಎಷ್ಟು ನೂರು ವರ್ಷದ ಮಳೆ ಬಿತ್ತು, ಒಂದು ಗೀರು ಉಂಟಾ?"

"ಬಸದಿಗೆ ಟೆಂಪೋ ಹತ್ತಿಸ್ತಾರಾ?"

"ಇಲ್ಲ."

"ಹಾಗಾದರೆ ಹೋಲಿಕೆ ಸರಿಯಲ್ಲ," ಎಂದು ಉಪಾಧ್ಯರು ಕಡತ ಮುಚ್ಚಿದರು.

ಮನೆಯಲ್ಲಿ ಪ್ರಭಾವತಿ ಒಂದು ಮಾತು ಹೇಳಿದಳು. ತೆಂಗಿನಕಾಯಿ ತುರಿಯುತ್ತ, ತಲೆ ಎತ್ತದೆ ಹೇಳಿದಳು. "ಕಾಂಕ್ರೀಟು ಹಾಕಿಸಿ. ಹಸಿ ಇರುವಾಗ ಹಿಡಿಸೂಡಿಯಲ್ಲಿ ಅಡ್ಡಡ್ಡ ಗುಡಿಸಿ ಬಿಡಿ. ಒರಟಾಗಿ ಗೆರೆ ಬೀಳ್ತದೆ. ಚಕ್ರಕ್ಕೂ ಹಿಡಿತ, ಕಾಲಿಗೂ ಹಿಡಿತ. ಎರಡು ದಿನದ ಕೆಲಸ."

ಉಪಾಧ್ಯರು ಅವಳನ್ನು ಕನಿಕರದಿಂದ ನೋಡಿದರು. "ಬ್ಯಾಂಕ್ ಆಫೀಸರನ ಮನೆಯ ದಾರಿಗೆ ಹಿಡಿಸೂಡಿಯ ಗುರುತಾ? ಬಂದವರು ಎಂತ ಹೇಳಿಯಾರು?"

"ಬಂದವರು ಬಂದೆವು ಅಂತ ಹೇಳ್ತಾರೆ. ಈಗ ಬರುವುದೇ ಇಲ್ಲ ಅಲ್ವಾ?"

ಆಯೋಗ ಈ ಅಹವಾಲನ್ನು ತಳ್ಳಿಹಾಕಿತು.

ಜ್ಞಾನೋದಯ ಆದದ್ದು ಕಾಪುವಿನಲ್ಲಿ, ಅಪ್ಪನ ತಿಥಿಯ ದಿನ, ಪಾಯಸದ ಊಟ ಮುಗಿಸಿ ಹಿರಿಯರ ಮನೆಯ ಚಾವಡಿಯ ನೆಲದ ಮೇಲೆ ಬರಿಮೈಯಲ್ಲಿ ಉರುಳಿಕೊಂಡಾಗ. ರೆಡ್ ಆಕ್ಸೈಡಿನ ಕೆಂಪು ನೆಲ. ತಣ್ಣಗೆ ಬೆನ್ನಿಗೆ ಹತ್ತುತ್ತಿತ್ತು. ಉಪಾಧ್ಯರು ಮಗ್ಗುಲು ತಿರುಗಿ, ನೆಲಕ್ಕೆ ಕೆನ್ನೆಯಿಟ್ಟು, ಒಂದು ಕಣ್ಣು ಮುಚ್ಚಿ ಪರೀಕ್ಷಿಸಿದರು. ತಾನು ಹುಟ್ಟುವ ಮೊದಲೇ ಅಪ್ಪ ಹಾಕಿಸಿದ ನೆಲ. ಮದುವೆ, ಮುಂಜಿ, ಕಾಯಿ ಒಡೆದದ್ದು, ಒನಕೆ ಬಿದ್ದದ್ದು ಎಲ್ಲ ತಿಂದಿದೆ. ಬಿರುಕು? ಇಲ್ಲ! ಬದಲಿಗೆ ವರ್ಷ ಹೋದ ಹಾಗೆ ಹೊಳಪು ಹೆಚ್ಚಾಗಿದೆ.

ಉಪಾಧ್ಯರು ಎದ್ದು ಕುಳಿತರು. ಪಕ್ಕದಲ್ಲಿ ಮಲಗಿದ್ದ ಪುರೋಹಿತರು ಬೆಚ್ಚಿ ಎದ್ದು, ಶ್ರಾದ್ಧದಲ್ಲಿ ಏನು ಲೋಪವಾಯಿತೋ ಎಂದು ಮಂತ್ರ ಶುರುಮಾಡಿದರು.

ಇಡೀ ದಕ್ಷಿಣ ಕನ್ನಡದ ಯಾವ ಮನೆಯಲ್ಲಿ ಕೇಳಿದರೂ ಗಟ್ಟಿ ನೆಲ ಅಂದರೆ ಕೆಂಪು ನೆಲ ಎಂದೇ ಹೇಳುತ್ತಾರೆ. ಅದನ್ನು ಮನೆಯೊಳಗೆ ಮಾತ್ರ ಹಾಕಬೇಕೆಂದು ಯಾರು ಕಾನೂನು ಮಾಡಿದರು? ಚಾವಡಿಯನ್ನು ಬಾಗಿಲಿನಿಂದ ಹೊರಗೆ ಎಳೆದು ಗೇಟಿನವರೆಗೆ ಹಾಸಿದರೆ ಆಯಿತು. ಜಗತ್ತಿನಲ್ಲಿ ಯಾರಿಗೂ ಹೊಳೆಯದ ಈ ಯೋಚನೆ ತನಗೇ ಯಾಕೆ ಹೊಳೆಯಿತು ಎಂದು ಉಪಾಧ್ಯರು ಬಸ್ಸಿನಲ್ಲಿ ಬರುತ್ತ ಬೆರಗಾದರು. ಯಾರಿಗೂ ಯಾಕೆ ಹೊಳೆಯಲಿಲ್ಲ ಎಂದು ಕೇಳಿಕೊಂಡಿದ್ದರೆ ಚೆನ್ನಾಗಿತ್ತು.

ಕೆಂಪು ನೆಲಕ್ಕೆ ಉದ್ಯಾವರದ ಲಿಗೋರಿ ಮೇಸ್ತ್ರಿ ಬಿಟ್ಟರೆ ಇಲ್ಲ. ಅವನು ಹಾಕಿದ ನೆಲದಲ್ಲಿ ಮದುಮಗಳು ಬಗ್ಗಿ ಬೊಟ್ಟು ಸರಿಮಾಡಿಕೊಳ್ಳಬಹುದು ಎಂಬ ಖ್ಯಾತಿ. ಆ ಖ್ಯಾತಿಯನ್ನು ಹಬ್ಬಿಸಿದವನೂ ಅವನೇ. ಬಂದು, ಏರನ್ನು ನೋಡಿ, ಟೊಪ್ಪಿ ತೆಗೆದು ತಲೆ ಕೆರೆದುಕೊಂಡ.

"ಸಾರ್, ನಾನು ಇದುವರೆಗೆ ಚಾವಡಿಗೆ ಹಾಕಿದ್ದೇನೆ, ಇಗರ್ಜಿಗೆ ಹಾಕಿದ್ದೇನೆ. ಗುಡ್ಡೆಗೆ ಹಾಕಿಲ್ಲ."

"ನೀನು ಮಾತ್ರ ಅಲ್ಲ, ಯಾರೂ ಹಾಕಿಲ್ಲ. ನೀನು ಮೊದಲನೆಯವನು."

ಆ ಮಾತು ಕೇಳಿ ಲಿಗೋರಿಯ ಎದೆ ಅಂಗಿಯ ಗುಂಡಿಗೆ ಭಾರವಾಯಿತು. "ಮುಖ ಕಾಣುವ ಹಾಗೆ ಬೇಕಾ, ಸಾಧಾರಣ ಸಾಕಾ?"

"ಮುಖ ಕಾಣಬೇಕು."

"ಮೀಸೆಯಲ್ಲಿ ಬಿಳಿ ಕೂದಲು ಎಷ್ಟು ಉಂಟು ಅಂತ ಎಣಿಸುವ ಹಾಗೆ ಮಾಡಿ ಕೊಡ್ತೇನೆ."

ಮೀಸೆ ತಿರುವಿ ಸವಾಲು ಹಾಕುವವರನ್ನು ಯಕ್ಷಗಾನದಲ್ಲಿ ನೋಡಿದ್ದೇವೆ. ಇಲ್ಲಿ ಇಬ್ಬರು ಮೀಸೆಯ ಮೇಲೆ ಕರಾರು ಮಾಡಿಕೊಂಡರು. ಪ್ರಭಾವತಿ ಕಾಫಿ ಕೊಡುತ್ತ ಕೇಳಿದಳು. "ಲಿಗೋರಿ, ಇದು ಜಾರುವುದಿಲ್ವಾ?"

"ಅಮ್ಮ, ನಾನು ಹಾಕಿದ ನೆಲದಲ್ಲಿ ಇಷ್ಟರವರೆಗೆ ಒಬ್ಬರೂ ಜಾರಿ ಬಿದ್ದಿಲ್ಲ."

"ಅದು ಸಮ ನೆಲ."

"ನೆಲ ನೆಲವೇ ಅಮ್ಮ."

"ಕೇಳಿದಿಯಾ?" ಎಂದರು ಉಪಾಧ್ಯರು. ಆಯೋಗ ಎರಡನೆಯ ಅಹವಾಲನ್ನೂ ತಳ್ಳಿಹಾಕಿತು.

ಕೆಲಸ ಶುರುವಾಯಿತು. ನೆಲ ಹಾಕುವವರು ಒಳಗಿನ ಮೂಲೆಯಿಂದ ಹಿಡಿದು ಬಾಗಿಲಿನ ಕಡೆಗೆ ಹಿಂದೆ ಹಿಂದೆ ಸರಿಯುತ್ತಾರೆ. ಲಿಗೋರಿಗೆ ಗೊತ್ತಿದ್ದದ್ದೂ ಅದೇ ಕ್ರಮ. ಹಾಗಾಗಿ ಮನೆಯ ಬಾಗಿಲಿನಿಂದ ಶುರುಮಾಡಿ ಗೇಟಿನ ಕಡೆಗೆ ಹಿಂದೆ ಸರಿದ. ಪರಿಣಾಮ, ಮೊದಲ ದಿನವೇ ಮನೆಯವರ ದಾರಿ ಬಂದ್ ಆಯಿತು. ಉಪಾಧ್ಯರು ಹಿತ್ತಿಲಿನ ಬೇಲಿಯ ತಡಮೆ ಹತ್ತಿ ಇಳಿದು, ಹಿಂದಿನ ಮನೆಯ ಡುಲ್ಸಿನ್ ಬಾಯಿಯ ಗೇರುಹಿತ್ತಿಲಿನಲ್ಲಿ ಮುಳ್ಳು ತುಳಿದು, ಗುಡ್ಡೆಗೆ ಪೂರ್ತಿ ಒಂದು ಪ್ರದಕ್ಷಿಣೆ ಬಂದು ಬಸ್ಸಿಗೆ ಹೋಗಬೇಕಾಯಿತು.

"ಎಂತ ಉಪಾಧ್ಯರೇ, ವಾಕಿಂಗಾ?" ಎಂದು ಡುಲ್ಸಿನ್ ಬಾಯಿ ದಿನವೂ ಕೇಳುತ್ತಿದ್ದರು. ದಿನವೂ ಅವರ ನಾಯಿ ಮಾತ್ರ ಉತ್ತರ ಕೊಡುತ್ತಿತ್ತು.

ಸಿಮೆಂಟು ಹಾಕಿ, ಮೇಲೆ ಕೆಂಪು ಹಾಕಿ, ಲಿಗೋರಿ ಹೊಳೆಯಿಂದ ತಂದ ನುಣುಪು ಕಲ್ಲು ಹಿಡಿದು ಉಜ್ಜಲು ಕುಳಿತ. ಉಜ್ಜುವಾಗ ಸೊಂಟಕ್ಕೊಂದು ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಅಂಗಳದ ಹಲಸಿನ ಮರಕ್ಕೆ ಕಟ್ಟಿದ್ದ.

"ಹಗ್ಗ ಎಂತಕ್ಕೆ ಲಿಗೋರಿ?" ಎಂದಳು ಪ್ರಭಾವತಿ.

"ಜಾರ್ತದಲ್ವಾ ಅಮ್ಮ," ಎಂದ ಲಿಗೋರಿ, ಉಜ್ಜುವುದನ್ನು ನಿಲ್ಲಿಸದೆ.

ಪ್ರಭಾವತಿ ಗಂಡನ ಮುಖ ನೋಡಿದಳು. ಉಪಾಧ್ಯರು ದಾರಿಯಲ್ಲಿ ತಮ್ಮ ಮುಖ ನೋಡುತ್ತಿದ್ದರು. ಹಗ್ಗ ಕಟ್ಟಿಕೊಂಡವನಿಗಾಗಲಿ, ದಾರಿ ಮಾಡಿಸಿಕೊಂಡು ನಿಂತವರಿಗಾಗಲಿ ಏನೂ ಹೊಳೆಯಲಿಲ್ಲ. ಹೊಳೆದದ್ದು ದಾರಿ ಒಂದೇ.

ಆಮೇಲೆ ನೀರು ನಿಲ್ಲಿಸಬೇಕು. ಕೆಂಪು ನೆಲ ಗಟ್ಟಿಯಾಗಲು ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುವುದು ಕ್ರಮ. ಏರಿನಲ್ಲಿ ನೀರು ನಿಲ್ಲುತ್ತದೆಯೇ? ಉಪಾಧ್ಯರು ಅದಕ್ಕೂ ಉಪಾಯ ಕಂಡುಹಿಡಿದರು. ಮೇಲಿನಿಂದ ಕೆಳಗೆ ಹತ್ತಿರ ಹತ್ತಿರ ಬದು ಕಟ್ಟಿಸಿ, ಇಡೀ ದಾರಿಯನ್ನು ಮೆಟ್ಟಿಲುಗದ್ದೆಯಂತೆ ಮಾಡಿದರು. ರಸ್ತೆಯಲ್ಲಿ ಹೋಗುವವರು ನಿಂತು, "ಈ ಸಲ ಮಳೆಗಾಲದ ಏಣೆಲು ಬೆಳೆಯಾ, ಸುಗ್ಗಿಯಾ?" ಎಂದು ವಿಚಾರಿಸಿದರು. ಬಾವಿಯಿಂದ ನೀರು ಸೇದಿ ಆ ಗದ್ದೆಗಳಿಗೆ ತುಂಬಿದವಳು ಪ್ರಭಾವತಿ. ಅದೂ ಒಲೆ ಊದುವ ಕೆಲಸದ ಬಿಡುವಿನಲ್ಲಿ. ಸ್ಟವ್ವಿನ ಬಟ್ಟೆ ಎತ್ತಿ ನೋಡುವುದನ್ನು ಅವಳು ಬಿಟ್ಟಿದ್ದಳು.

ಬದು ತೆಗೆದ ದಿನ ದಾರಿ ಉರಿಯುವ ಕೆಂಡದ ಹಾಗೆ ಬೆಳಗಿತು. ಲಿಗೋರಿ ಕೊನೆಯ ಸಂಸ್ಕಾರವಾಗಿ ತೆಂಗಿನೆಣ್ಣೆ ಉಜ್ಜಿದ. ಹೌದು, ತೆಂಗಿನೆಣ್ಣೆ! ನೆಲಕ್ಕೆ ಉಜ್ಜುವುದು ವಾಡಿಕೆ. ದಾರಿಗೆ ಯಾಕೆ ಕಡಿಮೆ ಮಾಡಬೇಕು? ಎಣ್ಣೆಯ ಡಬ್ಬಿ ಹಿಡಿದು ಹಿಂದೆ ನಿಂತವರು ಸ್ವತಃ ಉಪಾಧ್ಯರು.

"ಇನ್ನು ಟೆಂಪೋ ಬರಬಹುದು," ಎಂದರು.

ಟೆಂಪೋ ಬಂತು. ಬೆಳಿಗ್ಗೆ, ಮಣಿಪಾಲದ ಬಸ್ಸಿನ ಹೊತ್ತಿಗೆ ಸರಿಯಾಗಿ. ಹಿಂದಿನ ರಾತ್ರಿ ಮುಂಗಾರಿನ ಮೊದಲು ಬೀಳುವ ನಾಲ್ಕು ಹನಿ ಬಿದ್ದಿತ್ತು. ಉಪಾಧ್ಯರು ಮಡಿಪಂಚೆ ಉಟ್ಟು, ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಮೇಲೆ ನಿಂತಿದ್ದರು. ಪ್ರಭಾವತಿ ಬಟ್ಟೆ ತೆಗೆದ ಸ್ಟವ್ವನ್ನು ಎದೆಗೆ ಅವಚಿಕೊಂಡು ಹಿಂದೆ ನಿಂತಿದ್ದಳು.

ಅಬ್ಬಾಸ್ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಮೇಲೆ ನೋಡಿದ. ಇನ್ನೊಮ್ಮೆ ನೋಡಿದ. "ಸಾರ್, ಚಪ್ಪಲಿ ಬಿಟ್ಟು ಬರಬೇಕಾ?"

"ತಮಾಷೆ ಬೇಡ. ಹತ್ತಿಸು."

ಅಬ್ಬಾಸ್ ಹಿಂದೆ ಹೋಗಿ, ಓಟ ತೆಗೆದು, ನುಗ್ಗಿಸಿದ. ಟೆಂಪೋ ಅರ್ಧ ಏರಿನವರೆಗೆ ವೀರನಂತೆ ಬಂತು. ಅಲ್ಲಿ ನಿಂತು ಅರಚಿತು. ಚಕ್ರಗಳು ಸುತ್ತುತ್ತಲೇ ಇದ್ದವು. ಇಂಜಿನಿನ ಸದ್ದು ಮೇಲೆ ಹೋಗುತ್ತಿತ್ತು, ಟೆಂಪೋ ನಿಧಾನವಾಗಿ ಕೆಳಗೆ ಹೋಗುತ್ತಿತ್ತು. ಅಬ್ಬಾಸ್ ಕಿಟಕಿಯಿಂದ ತಲೆ ಹೊರಹಾಕಿ, ಯಾವ ಗಾಬರಿಯೂ ಇಲ್ಲದೆ ವರದಿ ಮಾಡಿದ.

"ಸಾರ್, ನಾನು ಮೇಲೆಯೇ ಬರ್ತಾ ಇದ್ದೇನೆ. ಗಾಡಿ ಮಾತ್ರ ಕೆಳಗೆ ಹೋಗ್ತಾ ಉಂಟು."

ಗೇಟಿನ ಕಂಬಕ್ಕೆ ಒರಗಿ ಗಾಡಿ ನಿಂತಿತು. ಅಷ್ಟಕ್ಕೆ ಬಿಡಬಹುದಿತ್ತು. "ಹೊತ್ತು ತಾ," ಎಂದರು ಉಪಾಧ್ಯರು. ತಲೆಹೊರೆ ಬೇಡ ಎಂದು ಇಷ್ಟೆಲ್ಲ ಮಾಡಿಸಿದವರ ಬಾಯಿಂದ ತಲೆಹೊರೆಯ ಆಜ್ಞೆಯೇ ಹೊರಟಿತು. ಅಬ್ಬಾಸ್ ಒಳ್ಳೆಯವನು. ಮೇಲೆ ಸ್ಟವ್ ಹಿಡಿದು ನಿಂತ ಹೆಂಗಸಿನ ಮುಖ ನೋಡಿದ. ಬರಿಗಾಲಿನಲ್ಲಿ, ಗೋಣಿಚೀಲ ಹಾಸುತ್ತ, ಸಿಲಿಂಡರನ್ನು ಹೆಗಲಿಗೇರಿಸಿ ಹತ್ತತೊಡಗಿದ. ಅರ್ಧದವರೆಗೆ ಬಂದೂ ಬಿಟ್ಟ.

"ಇರು, ನಾನು ಕೈ ಕೊಡ್ತೇನೆ," ಎಂದು ಉಪಾಧ್ಯರು ಬಾಗಿಲಿನಿಂದ ಒಂದು ಹೆಜ್ಜೆ ಇಟ್ಟರು.

ಒಂದೇ ಹೆಜ್ಜೆ. ಎರಡನೆಯ ಹೆಜ್ಜೆಯ ಅಗತ್ಯ ಬೀಳಲಿಲ್ಲ. ಮಡಿಪಂಚೆಯ ಮೇಲೆ ಪದ್ಮಾಸನದಲ್ಲಿ ಕುಳಿತ ಭಂಗಿಯಲ್ಲಿ, ಗಾಂಭೀರ್ಯಕ್ಕೆ ಸ್ವಲ್ಪವೂ ಕುಂದಿಲ್ಲದೆ, ಅವರು ಹೊರಟರು. ತಮ್ಮ ಮುಖ ತಮ್ಮ ಕೆಳಗೇ ಸ್ಪಷ್ಟವಾಗಿ ಕಾಣುತ್ತ ಜೊತೆಯಲ್ಲಿ ಬರುತ್ತಿತ್ತು. ಲಿಗೋರಿಯ ಕೆಲಸದಲ್ಲಿ ಕೊರತೆ ಇರಲಿಲ್ಲ. ಅಬ್ಬಾಸ್ ಎದುರಿಗೆ ಬರುವ ಬ್ಯಾಂಕ್ ಅಧಿಕಾರಿಯನ್ನು ಕಂಡು ಪಕ್ಕದ ಮಣ್ಣಿನ ದರೆಗೆ ಹಾರಿದ. ಸಿಲಿಂಡರ್ ಹಾರಲಿಲ್ಲ. ಅದು ಬಿತ್ತು, ಮಗ್ಗುಲಾಯಿತು, ಉರುಳಿತು.

ಢಣ ಢಣ ಢಣ!

ಅದೇ ಹೊತ್ತಿಗೆ ಗೇಟಿನ ಎದುರಿನ ಸ್ಟಾಪಿಗೆ ಬಸ್ಸು ಬಂದು ನಿಂತಿತ್ತು. ಸ್ಟಾಪಿನಲ್ಲಿದ್ದವರು ಕೊಡೆ, ಚೀಲ, ಬುತ್ತಿ ಬಿಟ್ಟು ಗದ್ದೆಗೆ ಇಳಿದರು. ಬಸ್ಸಿನಿಂದ ಇಳಿಯುತ್ತಿದ್ದವರು ಮತ್ತೆ ಹತ್ತಿದರು. ಮುಂದೆ ಸಿಲಿಂಡರು, ಹಿಂದೆ ಉಪಾಧ್ಯರು. ಗೇಟಿನ ಹತ್ತಿರ ಸಿಲಿಂಡರು ಟೆಂಪೋದ ಚಕ್ರಕ್ಕೆ ಬಡಿದು, ಎಡಕ್ಕೆ ತಿರುಗಿ, ಗೇಟಿಗೆ ತಾಗಿಕೊಂಡೇ ಇದ್ದ ಖಾಲಿ ಕೋಣೆಯೊಳಗೆ ಹೋಯಿತು. ಉಪಾಧ್ಯರದೇ ಕೋಣೆ ಅದು. ಮೊದಲು ಸೈಕಲ್ ಶಾಪು ಇತ್ತು. ಬಾಡಿಗೆಗಿದ್ದ ಯೂಸುಫ್ ದುಬೈಗೆ ಹೋದ ಮೇಲೆ ಬಾಗಿಲಿಗೆ ಚಿಲಕ ಇರಲಿಲ್ಲ. ಸಿಲಿಂಡರು ಒಳಗೆ ಹೋಗಿ ಗೋಡೆಗೆ ಒರಗಿ ಸುಮ್ಮನಾಯಿತು. ಇಷ್ಟು ದಿನ ಹುಡುಕಿದ ಮನೆ ಸಿಕ್ಕಿದ ಹಾಗೆ.

ಉಪಾಧ್ಯರು ರಸ್ತೆಯ ಅಂಚಿನಲ್ಲಿ, ಬಸ್ಸಿನ ಮೆಟ್ಟಿಲಿನ ಎದುರಿಗೆ ಬಂದು ತಲುಪಿದರು. ಕಂಡಕ್ಟರ್ ವಲೇರಿಯನ್ ಬಗ್ಗಿ ನೋಡಿದ.

"ಹತ್ತುವುದಾ ಸಾರ್, ಅಥವಾ ಇನ್ನೊಂದು ಟ್ರಿಪ್ ಉಂಟಾ?"

ಆ ದಿನ ಉಡುಪಿಯಲ್ಲಿ ಬಸ್ಸು ಬದಲಿಸಿ ಬಂದಿದ್ದ ಗುಣಪಾಲ ಕಿಟಕಿಯಿಂದ ತಲೆ ಹಾಕಿದ. "ನಮ್ಮ ಕಲ್ಲು ಹಾಕಿದ್ದರೆ ಇಷ್ಟು ಬೇಗ ಸ್ಟಾಪಿಗೆ ಬರ್ಲಿಕ್ಕೆ ಆಗ್ತಿರಲಿಲ್ಲ ಸಾರ್."

ಪಂಚೆಯ ಹಿಂಭಾಗ ಪೂರ್ತಿ ಕೆಂಪಾಗಿತ್ತು. ಅಂದು ಉಪಾಧ್ಯರು ರಜೆ ಹಾಕಿದರು.

ಸಂಜೆ ತುರ್ತು ಸಭೆ. ಉಪಾಧ್ಯರು ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡು ಬೋರಲು ಮಲಗಿ ಅಧ್ಯಕ್ಷತೆ ವಹಿಸಿದರು. ದಾರಿಗೆ ಉಳಿಯಿಂದ ಕಚ್ಚು ಹಾಕಿಸುವುದೆಂದು ತೀರ್ಮಾನವಾಯಿತು. ಲಿಗೋರಿ ಕೆಂಪಾದ.

"ಇದಕ್ಕೆ ಉಳಿ ತಾಗಿಸುವುದು ಒಂದೇ, ನನ್ನ ಎದೆಗೆ ತಾಗಿಸುವುದು ಒಂದೇ. ಭಾನುವಾರ ಪೂಜೆ ಬಿಟ್ಟ ಮೇಲೆ ಉದ್ಯಾವರದಿಂದ ಜನ ನೋಡ್ಲಿಕ್ಕೆ ಬರುವವರು ಇದ್ದಾರೆ. ಅದರ ನಂತರ ಬೇಕಾದರೆ ನನ್ನನ್ನೇ ಕಡಿಯಿರಿ."

"ಹಾಗಾದರೆ ಮಧ್ಯದಲ್ಲಿ ಮೆಟ್ಟಿಲು," ಎಂದರು ಉಪಾಧ್ಯರು. "ಇಲ್ಲವಾದರೆ ರಾಟೆ. ಹಲಸಿನ ಮರಕ್ಕೆ ಒಂದು ರಾಟೆ ಕಟ್ಟಿ, ಬಾವಿಯಿಂದ ನೀರು ಸೇದುವ ಹಾಗೆ ಸಿಲಿಂಡರನ್ನು..."

ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದ ಕೈ ನಿಂತಿತು. ಪ್ರಭಾವತಿ ಎದ್ದಳು. ಸ್ಟವ್ವನ್ನು ಸೊಂಟದ ಮೇಲೆ, ಮಗುವನ್ನು ಎತ್ತಿಕೊಳ್ಳುವ ಹಾಗೆ ಇಟ್ಟುಕೊಂಡು, ತಡಮೆ ದಾಟಿ, ಡುಲ್ಸಿನ್ ಬಾಯಿಯ ನಾಯಿಯನ್ನು ಗದರಿಸಿ, ಗುಡ್ಡೆ ಸುತ್ತಿ ಕೆಳಗಿಳಿದಳು. ಅಬ್ಬಾಸ್ ಇನ್ನೂ ಟೆಂಪೋದ ಬಂಪರನ್ನು ಬಡಿದು ನೇರ ಮಾಡುತ್ತಿದ್ದ.

"ಇಲ್ಲಿಯೇ ಕೂಡಿಸಿ," ಎಂದಳು ಖಾಲಿ ಕೋಣೆ ತೋರಿಸಿ.

"ಇಲ್ಲಿಯಾ ಅಮ್ಮ?"

"ಅದು ಮೇಲೆ ಬರುವುದಿಲ್ಲ ಅಂತ ಹಟ ಮಾಡ್ತಾ ಉಂಟಲ್ಲ. ನಾನು ಕೆಳಗೆ ಬರ್ತೇನೆ. ಒಬ್ಬರಾದರೂ ಸೋಲಬೇಕು."

ಅಬ್ಬಾಸ್ ಸಿಲಿಂಡರನ್ನು ಎತ್ತಿ ನಿಲ್ಲಿಸಿ, ತಿರುಗಿಸಿ ತಿರುಗಿಸಿ ಪರೀಕ್ಷೆ ಮಾಡಿದ. ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದೋ ನೋಡಿದ. ರೆಗ್ಯುಲೇಟರು ಕೂಡಿಸಿ, ಕಡ್ಡಿ ಗೀರಿ ಅವಳ ಕೈಗೆ ಕೊಟ್ಟ. ನೀಲಿ ಜ್ವಾಲೆ ಬುಸ್ಸೆಂದು ಎದ್ದು ವೃತ್ತವಾಗಿ ಕುಳಿತಿತು. ಊದದೆ, ಬಗ್ಗದೆ, ಕೆಮ್ಮದೆ. ಪ್ರಭಾವತಿ ನೋಡುತ್ತ ನಿಂತಳು. ಹೊಗೆ ಇಲ್ಲದೆ ಅವಳ ಕಣ್ಣಲ್ಲಿ ನೀರು ಬಂದದ್ದು ಬಹಳ ವರ್ಷದ ನಂತರ.

ಅಂದಿನ ಮೊದಲ ಕಾಫಿ ಅಬ್ಬಾಸನಿಗೆ ಹೋಯಿತು. ಎರಡನೆಯದು, ಬಸ್ಸು ತಿರುಗಿಸಿಕೊಂಡು ಬಂದ ವಲೇರಿಯನ್‌ಗೆ. ಮರುದಿನದಿಂದ ಉಪಾಧ್ಯರ ಮನೆಯ ಅಡುಗೆಮನೆ ರಸ್ತೆಯ ಬದಿಯಲ್ಲಿ ನಡೆಯತೊಡಗಿತು. ಬನ್ಸ್ ಕರಿಯುವ ಪರಿಮಳಕ್ಕೆ ಬಸ್ಸಿಗೆ ಕಾಯುವವರು ಮೂಗು ತಿರುಗಿಸಿದರು. ಮೂಗಿನ ಹಿಂದೆ ಅವರೂ ತಿರುಗಿದರು. ಬೋರ್ಡು ಇರಲಿಲ್ಲ, ಮೇಜು ಇರಲಿಲ್ಲ, ಆದರೆ ಬೆಂಚು ಯಾರೋ ತಂದು ಹಾಕಿದರು. ಮಣಿಪಾಲದ ಬಸ್ಸು ಅಲೆವೂರಿನಲ್ಲಿ ಯಾಕೆ ಇಷ್ಟು ಹೊತ್ತು ನಿಲ್ಲುತ್ತದೆ ಎಂದು ಮುಂದಿನ ಸ್ಟಾಪಿನವರು ಗೊಣಗತೊಡಗಿದರು. ಒಂದು ಊರಿನಲ್ಲಿ ಹೆಂಗಸೊಬ್ಬಳು ಮನೆಯವರಿಗೆ ಮಾಡುವ ಅಡುಗೆಯನ್ನು ರಸ್ತೆಗೆ ತಂದು ಇಟ್ಟ ಮೇಲೆಯೇ, ಅದಕ್ಕೊಂದು ರುಚಿ ಇದೆ ಎಂದು ಮನೆಯವರಿಗೂ ತಿಳಿಯುವುದು. ಇದನ್ನು ನಗುತ್ತ ಬರೆಯುತ್ತಿದ್ದೇನೆ. ನಗಬೇಕಾದ ವಿಷಯ ಇದಲ್ಲ.

ಉಪಾಧ್ಯರ ಪಾಡು? ಮೇಲೆ ಸಮುದ್ರ ಕಾಣುತ್ತಿತ್ತು, ಊಟ ಕಾಣುತ್ತಿರಲಿಲ್ಲ. ಹಿತ್ತಿಲಿನ ದಾರಿಯಲ್ಲಿ ಸುತ್ತಿ ಇಳಿಯುವಷ್ಟರಲ್ಲಿ ಕಾಫಿ ಆರುತ್ತಿತ್ತು. ಕೊನೆಗೆ ಒಂದು ಅಡಿಕೆ ಹಾಳೆಯ ಮೇಲೆ ಕುಳಿತು, ಕಣ್ಣು ಮುಚ್ಚಿ, ಲಿಗೋರಿಯ ಕನ್ನಡಿಯ ಮೇಲೆ ನೇರ ಇಳಿಯಲು ಕಲಿತರು. ಬೆಂಚಿನವರು ಎದ್ದು ಜಾಗ ಕೊಡುತ್ತಿದ್ದರು.

ಇಳಿಯುವುದು ಸುಲಭ, ಹತ್ತುವುದು ಪ್ರದಕ್ಷಿಣೆ. ಕೆಲವು ದಿನ ಕಳೆದ ಮೇಲೆ, ಬೆಂಚು ಖಾಲಿಯಾದ ಹೊತ್ತು ನೋಡಿ, ಉಪಾಧ್ಯರು ಗಂಟಲು ಸರಿಮಾಡಿಕೊಂಡರು.

"ಪ್ರಭಾ, ನಾನು ಯೋಚನೆ ಮಾಡಿದೆ. ನೀನು ಹೇಳಿದ್ದೇ ಸರಿ. ಬೇರೆ ಮೇಸ್ತ್ರಿ ತರಿಸಿ, ಮೇಲೆ ಕಾಂಕ್ರೀಟು ಹಾಕಿಸಿ, ಹಿಡಿಸೂಡಿಯಲ್ಲಿ ಗೆರೆ ಎಳೆಸ್ತೇನೆ. ಗ್ಯಾಸ್ ಮೇಲೆ ಬರ್ತದೆ. ನಮ್ಮ ಅಡುಗೆಮನೆ ನಮ್ಮ ಮನೆಯಲ್ಲೇ ಇರಲಿ."

ಪ್ರಭಾವತಿ ದೋಸೆ ಮಗುಚಿದಳು. "ಅವಸರ ಎಂತ ಉಂಟು? ಅಷ್ಟು ಗಟ್ಟಿ ಮಾಡಿಸಿದ್ದೀರಿ, ಇರಲಿ."

"ಅಲ್ಲ, ನಿನಗೆ ಕಷ್ಟ..."

"ನನಗೆ ಇಲ್ಲಿ ಕಷ್ಟ ಇಲ್ಲ. ಉಪ್ಪಿನ ಭರಣಿಯ ಮುಚ್ಚಳ ಸಡಿಲ ಉಂಟು, ಯಾರೂ ಕೇಳುವುದಿಲ್ಲ." ದೋಸೆ ತಟ್ಟೆಗೆ ಬಿತ್ತು. "ಮತ್ತೆ ಒಂದು ವಿಷಯ. ನಾಳೆಯಿಂದ ಮೊದಲ ಬಸ್ಸಿನವರೂ ಕಾಫಿ ಕೇಳಿದ್ದಾರೆ. ಬೆಳಿಗ್ಗೆ ನಾನು ಬೇಗ ಇಳಿಯಬೇಕು. ಸ್ನಾನಕ್ಕೆ ನೀರು ನೀವೇ ಕಾಯಿಸಿಕೊಳ್ಳಿ. ಬಚ್ಚಲಲ್ಲಿ ಸೌದೆ ಉಂಟು, ಸ್ವಲ್ಪ ಒದ್ದೆ."

ಮರುದಿನ ಮಳೆಗಾಲ ಬಂದೇ ಬಿಟ್ಟಿತು. ಧೋ ಎಂದು ಸುರಿದು, ಕ್ಷಣ ನಿಂತಿತು. ಮೊದಲ ಬಸ್ಸಿನ ಜನ ಬೆಂಚಿನ ಮೇಲೆ ಬಿಸಿ ಕಾಫಿ ಊದುತ್ತ ಕುಳಿತಿದ್ದರು. ಆಗ ಗುಡ್ಡೆಯ ನೆತ್ತಿಯಿಂದ ದಟ್ಟ ಹೊಗೆ ಎದ್ದಿತು. ಹೊಗೆಯ ಬೆನ್ನಿಗೆ ದೀರ್ಘವಾದ ಕೆಮ್ಮು. ಕೆಮ್ಮಿನ ಬೆನ್ನಿಗೆ ಒಂದು ಆರ್ತನಾದ ಕೆಂಪು ದಾರಿಯ ಮೇಲೆ ಜಾರಿಕೊಂಡು ಕೆಳಗೆ ಬಂತು.

"ಪ್ರಭಾ, ಇದು ಹತ್ತುವುದೇ ಇಲ್ಲ! ಎಷ್ಟು ಹೊತ್ತಿನಿಂದ ನೋಡ್ತಾ ಕೂತಿದ್ದೇನೆ!"

ಪ್ರಭಾವತಿ ಸೌಟು ಹಿಡಿದುಕೊಂಡೇ ಹೊರಗೆ ಬಂದು, ತಲೆ ಎತ್ತಿ ಕೂಗಿದಳು.

"ನೋಡ್ತಾ ಕೂತರೆ ಹತ್ತುವುದಿಲ್ಲ ಮಾರಾಯ್ರೆ, ಊದಬೇಕು. ನೀವು ಇನ್ಸ್‌ಪೆಕ್ಷನ್ನಿಗೆ ಬಂದವರು ಅಂತ ಅದಕ್ಕೆ ಗೊತ್ತಿಲ್ಲ."